ಒರೆಸಿದ ಚುಕ್ಕಿ

ಗೋರನ್‌ನ ಕೈ ಬಹಳ ಒಳ್ಳೆಯದು ಎಂದು ಎಲ್ಲರೂ ಹೊಗಳತೊಡಗಿದಾಗ ಮಾರ್ನಿಗೆ ಅನುಮಾನ ಶುರುವಾಯಿತು.

ಮೊದಲು ಹೊಗಳಿದವಳು ಲೊರೇನ್. ನ್ಯೂಕಾಸಲ್‌ನ ಕಡಲ ತಡಿಯಲ್ಲಿದ್ದ ಆ ಪಾದದ ಕ್ಲಿನಿಕ್ಕಿಗೂ ಅಲ್ಲಿ ನಡೆಯುತ್ತಿದ್ದ ಅಧ್ಯಯನಕ್ಕೂ ಅವಳೇ ಮುಖ್ಯಸ್ಥೆ. ಅಧ್ಯಯನ ಅರ್ಧಕ್ಕೆ ಬಂದಾಗ ಒಮ್ಮೆ ಚೀಟಿಗಳ ಡಬ್ಬಿ ತೆರೆದು, ಅಲ್ಲಿ ಪಾದ ಅಳೆಯುತ್ತಿದ್ದ ಇವರಿಬ್ಬರ ಅಳತೆಗಳನ್ನೂ ಹೋಲಿಸಿ ನೋಡಿದಳು.

"ನಿಮ್ಮಿಬ್ಬರದು ಇಷ್ಟೊಂದು ಹೊಂದುತ್ತೆ ಅಂದ್ಕೊಂಡಿರ್ಲಿಲ್ಲ ಕಣ್ರೇ. ಒಂದೇ ಕೈ ಎರಡು ಸಲ ಅಳೆದ ಹಾಗಿದೆ. ಗೋರನ್, ಹೊಸಬ ನೀನು, ಮಾರ್ನಿಗೆ ಸಮ ನಿಂತಿದೀಯಲ್ಲೋ!"

ಗೋರನ್ ಕಿವಿಯವರೆಗೂ ಕೆಂಪಾಗಿ ಮಾರ್ನಿಯ ಕಡೆ ನೋಡಿದ. ಅವಳೂ ನಕ್ಕಳು. ನಕ್ಕದ್ದು ತುಟಿ ಮಾತ್ರ. ಆ ಕಸುಬಿನಲ್ಲಿ ಇರುವವರಿಗೆಲ್ಲ ಗೊತ್ತು, ಒಂದೇ ಪಾದದ ಮೇಲೆ ಇಬ್ಬರ ಕೈ ಸುಮ್ಮಸುಮ್ಮನೆ ಒಂದಾಗುವುದಿಲ್ಲ. ಎಷ್ಟರ ಮಟ್ಟಿಗೆ ಒಂದಾಗುತ್ತದೆ ಎಂದು ನೋಡುವುದಕ್ಕೇ ಈ ಅಧ್ಯಯನ.

ಕೆಲಸ ಹೇಳುವುದಕ್ಕೆ ಸುಲಭ. ಪಾದದ ಒಳಮಗ್ಗುಲಲ್ಲಿ, ಕಾಲಿನ ಗಿಣ್ಣಿನಿಂದ ಕೊಂಚ ಮುಂದೆ, ಪುಟ್ಟದೊಂದು ಮೂಳೆ ಉಬ್ಬಿಕೊಂಡಿರುತ್ತದೆ. ದೋಣಿಯ ಆಕಾರವಾದ್ದರಿಂದ ಇವರ ಬಾಯಲ್ಲಿ ಅದು ದೋಣಿಮೂಳೆ. ಕೂತವರ ಪಾದದಲ್ಲಿ ಅದನ್ನು ಬೆರಳಿನಿಂದ ಹುಡುಕಿ, ಪೆನ್ನಿನಿಂದ ಒಂದು ಚುಕ್ಕಿ ಇಟ್ಟು, ನೆಲದಿಂದ ಚುಕ್ಕಿಯ ಎತ್ತರ ಅಳೆಯಬೇಕು. ಅವರನ್ನು ಎದ್ದು ನಿಲ್ಲಿಸಿ ಮತ್ತೆ ಅಳೆಯಬೇಕು. ಪಾದ ಎಷ್ಟು ಕುಸಿಯಿತು ಎಂದು ಚೀಟಿ ಬರೆದು ಡಬ್ಬಿಗೆ ಹಾಕಿ, ಚುಕ್ಕಿಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ ಹೊರಗೆ ಬರಬೇಕು. ಆಮೇಲೆ ಇನ್ನೊಬ್ಬರು ಪರದೆ ಸರಿಸಿ ಒಳಗೆ ಹೋಗಿ, ಅದೇ ಪಾದವನ್ನು ಏನೂ ಗೊತ್ತಿಲ್ಲದವರ ಹಾಗೆ ಮೊದಲಿನಿಂದ ಹುಡುಕಬೇಕು. ಒಂದು ಪಾದಕ್ಕೆ ಇವಳು ಮೊದಲು, ಇನ್ನೊಂದಕ್ಕೆ ಅವನು ಮೊದಲು. ಅಧ್ಯಯನ ಮುಗಿಯುವವರೆಗೆ ಇಬ್ಬರೂ ಪಾದದ ಮಾತನ್ನೇ ಎತ್ತುವ ಹಾಗಿಲ್ಲ.

ಅದೇ ತಮಾಷೆ. ಇಡೀ ದಿನ ಪಾದ ಹಿಡಿದೇ ಬದುಕುವ ಇಬ್ಬರು ಮಧ್ಯಾಹ್ನ ಸಮುದ್ರದ ಗೋಡೆಯ ಮೇಲೆ ಕೂತು, ಪಾದವೊಂದನ್ನು ಬಿಟ್ಟು ಲೋಕದ ಸುದ್ದಿಯನ್ನೆಲ್ಲ ಮಾತಾಡುತ್ತಿದ್ದರು. ಹಾಗೆ ಮಾತಾಡುತ್ತ ಮಾತಾಡುತ್ತಲೇ ಮಾರ್ನಿಗೆ ಅವನ ಮೇಲೆ ಮನಸ್ಸಾಗಿತ್ತು. ಅದನ್ನು ಅವಳು ತನ್ನ ಕನ್ನಡಿಗೂ ಹೇಳಿರಲಿಲ್ಲ.

ಹೇಳದಿರುವುದಕ್ಕೆ ಕಾರಣ ಕ್ಯಾಲಮ್. ಮೆಲ್ಬರ್ನ್‌ನಲ್ಲಿ ಇಂಥದೇ ಅಧ್ಯಯನದಲ್ಲಿ ಅವನು ಅವಳ ಜೊತೆಗಾರ, ಪ್ರಿಯಕರ ಕೂಡ. ಒಂದು ಪಾದವನ್ನೂ ಮುಟ್ಟದೆ, ಮನೆಯ ಸೋಫಾದಲ್ಲಿ ಕಾಲು ಚಾಚಿ ಕೂತು ಅಂಕಿಗಳನ್ನು ಬರೆದಿದ್ದ. ಅದು ಬಯಲಾದಾಗ ಅವನ ಜೊತೆಗೆ ಅವಳ ಹೆಸರೂ ಕೆಸರಾಯಿತು. ನಂಬಿ ಕೆಟ್ಟೆ ಎಂದು ಅವಳು ಎಷ್ಟು ಅತ್ತರೂ ಕೇಳುವವರಿರಲಿಲ್ಲ. ಲೊರೇನ್ ಒಬ್ಬಳೇ ಕರೆದು ಕೆಲಸ ಕೊಟ್ಟದ್ದು. ಇದೂ ಹಾಳಾದರೆ ಈ ಕಸುಬಿನಲ್ಲಿ ಮಾರ್ನಿಯನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ಮತ್ತೆ ಇನ್ನೊಬ್ಬ ಗಂಡಸಿನ ಕೈಯಿಂದಲೇ ಹಾಳಾದರೆ, ಅವಳು ತನ್ನನ್ನೇ ಕ್ಷಮಿಸಿಕೊಳ್ಳುವುದಿಲ್ಲ.

ಹಾಗಾಗಿ ಅವಳು ಕಾವಲು ಕೂತಳು.

ಪರದೆ ನೆಲದಿಂದ ಒಂದು ಗೇಣು ಮೇಲಿತ್ತು. ಅವನು ಒಳಗಿದ್ದಾಗ ಇವಳಿಗೆ ಕಾಣುತ್ತಿದ್ದದ್ದು ಅವನ ಬೂಟುಗಳಷ್ಟೇ. ಎಡಪಾದ ಕೊಂಚ ಹೊರಗೆ ತಿರುಗಿರುತ್ತಿತ್ತು. ಕಾಲುಚೀಲ ಒಂದು ದಿನವೂ ಜೋಡಿಯಲ್ಲ, ಒಂದು ಹಸಿರಾದರೆ ಇನ್ನೊಂದು ಬೂದು. ಮೊದಲೆಲ್ಲ ಅದನ್ನು ನೋಡಿ ಅವಳಿಗೆ ನಗು ಉಕ್ಕುತ್ತಿತ್ತು. ಈಗ ಅದೇ ಬೂಟುಗಳನ್ನು ಹುಬ್ಬು ಗಂಟಿಕ್ಕಿ ನೋಡುತ್ತ, ಒಳಗೆ ಇವನು ಇಷ್ಟು ಹೊತ್ತು ಏನು ಮಾಡುತ್ತಿದ್ದಾನೆ ಎಂದು ಕಿವಿ ನೆಟ್ಟಗೆ ಮಾಡಿದಳು. ಪರದೆಯ ಹಿಂದೆ ಸದ್ದೇ ಇರುತ್ತಿರಲಿಲ್ಲ. ಸದ್ದಿಲ್ಲದ್ದೂ ಅವಳಿಗೆ ಸಂಶಯವೇ ಆಯಿತು.

ಅವತ್ತು ಮಧ್ಯಾಹ್ನ ಅವನು ಎಂದಿನಂತೆ ಊಟದ ಡಬ್ಬಿ ಬಿಚ್ಚಿ ಬ್ರೆಡ್ಡಿನ ಮೇಲೆ ಕೆಂಪು ಗೊಜ್ಜು ಬಳಿದ. ಅವನ ಅಮ್ಮ ಮ್ಯಾಸಿಡೋನಿಯಾದಿಂದ ಬಂದವಳು. ಬೇಸಿಗೆ ಕಳೆಯುತ್ತಲೇ ಅಂಗಳದಲ್ಲಿ ದೊಣ್ಣೆಮೆಣಸಿನಕಾಯಿ ಸುಟ್ಟು ವರ್ಷಕ್ಕಾಗುವಷ್ಟು ಗೊಜ್ಜು ಮಾಡಿಡುತ್ತಿದ್ದಳು.

"ಅಮ್ಮ ಕೇಳಿದ್ಲು, ಇಷ್ಟು ಬೇಗ ಸೀಸೆ ಖಾಲಿ ಮಾಡೋದು ಯಾರು ಅಂತ."

"ಏನಂದೆ?"

"ಸೀಗಲ್ ಹಕ್ಕಿ ಅಂದೆ. ಸ್ವಲ್ಪ ಸಿಡುಕು ಹಕ್ಕಿ ಅಂತಾನೂ ಸೇರಿಸ್ದೆ."

ಅವಳು ನಗು ತಡೆದುಕೊಂಡಳು. ಅವನ ಕಣ್ಣು ಅವಳ ತುಟಿಯಂಚಿನ ಗೊಜ್ಜಿನ ಮೇಲೆ ಕ್ಷಣ ಹೊತ್ತು ನಿಂತು, ಹೇಳಲೋ ಬೇಡವೋ ಎಂದು ತಡವರಿಸಿ, ಸಮುದ್ರದ ಕಡೆ ಜಾರಿತು. ದೂರದಲ್ಲಿ ಕಲ್ಲಿದ್ದಲಿನ ಹಡಗುಗಳು ಸರದಿಗೆ ಕಾಯುತ್ತ ನಿಂತಿದ್ದವು. ಅವಳೇ ಬೆರಳಿನಿಂದ ಒರೆಸಿಕೊಂಡಳು.

"ಮಾರ್ನಿ, ಒಂದು ಮಾತು. ಆ ಪೆನ್ನು..." ಎಂದ ಅವನು. "ಪೂರ್ತಿ ಹೋಗಲ್ಲ ಅಲ್ವಾ? ಒರೆಸಿದ ಮೇಲೂ ನಿನಗೂ ಕಾಣುತ್ತಾ?"

ಓಹೋ. ಇವನಿಗೆ ಕಾಣುತ್ತಿದೆ!

"ಪಾದದ ಮಾತು ಬೇಡ ಗೋರನ್. ರೂಲ್ಸ್ ಗೊತ್ತಲ್ಲ ನಿನಗೆ."

"ಪಾದ ಅಲ್ಲ ಮಾರಾಯ್ತಿ, ಪೆನ್ನು."

"ಅದೂ ಬೇಡ. ನಾನಂತೂ ಅದನ್ನೆಲ್ಲ ನೋಡೋದೂ ಇಲ್ಲ."

ಅವನು ಇನ್ನೇನೋ ಹೇಳಬೇಕೆಂದು ಬಾಯಿ ತೆರೆದವನು ಅವಳ ಮುಖ ನೋಡಿ ಸುಮ್ಮನಾದ. ಸೀಸೆಯ ಮುಚ್ಚಳ ತಿರುಗಿಸುತ್ತ, "ಸರಿ, ನೀನು ನೋಡಲ್ಲ ಅಂದ್ಮೇಲೆ ಆಯ್ತು," ಎಂದ. ಅವಳಿಗೆ ಆ ಮಾತಿನಲ್ಲೂ ಮೊನೆ ಕಂಡಿತು.

ಮಾರನೆಯ ದಿನ ಬಂದವಳು ನೋಲಾ. ವಯಸ್ಸು ಎಪ್ಪತ್ತು ದಾಟಿದ್ದರೂ ಚಳಿಗಾಲದಲ್ಲೂ ಬೆಳಗ್ಗೆ, ಸಮುದ್ರದ ನೀರು ತುಂಬುವ ಹಾಗೆ ದಡದಲ್ಲಿ ಕಟ್ಟಿದ ಕಡಲಕೊಳದಲ್ಲಿ ಈಜುವ ಹೆಂಗಸು. ಮೈಯಲ್ಲಿ ಉಪ್ಪುನೀರು, ಬಾಯಲ್ಲಿ ಖಾರ. ಅವಳ ಬಲಪಾದವನ್ನು ಮಾರ್ನಿ ಮೊದಲೇ ಅಳೆದು ಒರೆಸಿದ್ದಳು. ಗೋರನ್ ಎರಡೂ ಪಾದ ಮುಗಿಸಿ ಹೋದ ಮೇಲೆ ಮಾರ್ನಿ ಅವಳ ಎಡಪಾದದ ಮುಂದೆ ಕೂತಳು.

"ನಿನ್ನ ಹುಡುಗನ ಕೈ ಬೆಚ್ಚಗಿರುತ್ತೆ ಕಣೇ. ನಿನ್ನದೋ, ಮೀನಿನಂಗಡಿ."

"ಅವನು ನನ್ನ ಹುಡುಗ ಅಲ್ಲ ನೋಲಾ."

"ಸರಿ, ಊರಿನವರ ಹುಡುಗ. ಪಾಪ, ಕಣ್ಣು ಮುಚ್ಕೊಂಡು ಹಿಡೀತಾನೆ ನೋಡು, ದೇವರ ಮುಂದೆ ಕೂತವನ ಹಾಗೆ."

ಮಾರ್ನಿಯ ಬೆರಳು ನಿಂತಿತು. "ಕಣ್ಣು ಮುಚ್ಚಿ?"

"ಹೂಂ. ನಾನು ಒಳಗೆ ಬಂದಾಗಿಂದ ನೋಡೇ ಇಲ್ಲ ನನ್ನ ಕಾಲು. ಚೆಂದ ಇಲ್ವೇನೋ ಅಂತ ಕೇಳಿದ್ರೆ ನಕ್ಕ. ನೀನಾದ್ರೆ ಕಣ್ಣು ಕಿಸ್ಕೊಂಡು ದಿಟ್ಟಿಸ್ತೀಯ. ಮುತ್ತು ಕೊಡುವಾಗ್ಲೂ ಹೀಗೇ ಕಣ್ಣು ಬಿಟ್ಕೊಂಡೇ ಇರ್ತೀಯೇನೇ?"

ಮಾರ್ನಿಗೆ ನಗುವ ಸ್ಥಿತಿಯಿರಲಿಲ್ಲ. ಪಾದ ಅಳೆಯುವವನು ಪಾದವನ್ನೇ ನೋಡುವುದಿಲ್ಲವೆಂದರೆ ಏನರ್ಥ? ನೋಡಬೇಕಾದ್ದನ್ನು ಮೊದಲೇ ನೋಡಿಕೊಂಡಿದ್ದಾನೆ ಎಂದರ್ಥ. ಮಿಕ್ಕದ್ದು ನಾಟಕ. ಕ್ಯಾಲಮ್ ಕೂಡ ಚೆಂದಾಗಿ ನಾಟಕವಾಡುತ್ತಿದ್ದ.

ತನ್ನ ಪಾಳಿ ಮುಗಿಸಿ ಚುಕ್ಕಿ ಒರೆಸಿದ ಮೇಲೆ ಅವಳು ದೀಪವನ್ನು ನೋಲಾಳ ಪಾದದ ಹತ್ತಿರಕ್ಕೆ ಎಳೆದಳು. ಉಜ್ಜಿದ ಜಾಗ ಸಣ್ಣ ಬಟಾಣಿಯಷ್ಟು ನಸುಗೆಂಪಾಗಿತ್ತು. ನಡುವೆ, ಇದೆಯೋ ಇಲ್ಲವೋ ಎನ್ನುವ ಹಾಗೆ, ನೀಲಿಯ ನೆರಳು.

ಒರೆಸಿದ ಮೇಲೂ ಚುಕ್ಕಿ ಕಾಣುತ್ತದೆ, ಸಿಕ್ಕಿಬಿದ್ದೆ ಮಗನೇ ಎಂದುಕೊಂಡಳು. ಗೆದ್ದ ಖುಷಿ ಬರಬೇಕಿತ್ತು. ಬರಲಿಲ್ಲ.

ಸೀದಾ ಲೊರೇನ್ ಕೋಣೆಗೆ ಹೋದಳು.

"ಅವನು ನನ್ನ ಚುಕ್ಕಿ ನೋಡ್ಕೊಂಡು ಇಡ್ತಿದಾನೆ. ನನಗೆ ಗ್ಯಾರಂಟಿ."

ಲೊರೇನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ದೊಡ್ಡ ಮಾತು ಹೇಳ್ತಿದೀಯ ಮಾರ್ನಿ. ಒಬ್ಬನ ಅನ್ನದ ವಿಷಯ."

"ನನ್ನ ಅನ್ನದ್ದೂ ಹೌದು. ಪರೀಕ್ಷೆ ಮಾಡಿ. ಸುಳ್ಳು ಚುಕ್ಕಿ ಇಟ್ಟು ಒರೆಸಿ. ಅವನು ಅಲ್ಲಿಗೇ ಹೋದ್ರೆ ಗೊತ್ತಾಗುತ್ತಲ್ಲ."

ಲೊರೇನ್ ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು. "ಮಾಡೋಣ. ಆದರೆ ಯಾರ ಕಾಲಿಗೆ ಇಟ್ಟಿದೀನಿ ಅಂತ ನಿನಗೂ ಹೇಳಲ್ಲ. ನೀನೂ ಎಂದಿನ ಹಾಗೇ ಅಳೀಬೇಕು."

"ನಾನ್ಯಾಕೆ?"

"ಅವನನ್ನ ಯಾರ ಪಕ್ಕ ನಿಲ್ಲಿಸಿ ನೋಡ್ಲಿ ಮತ್ತೆ?"

ಮಾರ್ನಿ ಒಪ್ಪಿಕೊಂಡಳು. ತನ್ನ ಕೈಯ ಬಗ್ಗೆ ಅವಳಿಗೆ ಯಾವ ಅಳುಕೂ ಇರಲಿಲ್ಲ.

ಪರೀಕ್ಷೆಯ ದಿನ ಕಡಲಕೊಳದ ಈಜುಗಾರರೆಲ್ಲ ಒದ್ದೆ ಕೂದಲಿನಲ್ಲಿ ಬಂದು ಕೂತರು. ಲೊರೇನ್ ಬೆಳಗ್ಗೆಯೇ ಅವರಲ್ಲಿ ಕೆಲವರ ಪಾದಕ್ಕೆ, ಮೂಳೆಯಿಂದ ಬೆರಳಗಲ ಮುಂದೆ, ಹಳೆಯ ಪೆನ್ನಿನಿಂದ ಚುಕ್ಕಿಯಿಟ್ಟು ಒರೆಸಿದ್ದಳು. ಇವರಿಬ್ಬರಿಗೂ ಸುಲಭವಾಗಿ ಅಳಿಸಿಹೋಗುವ ಹೊಸ ಪೆನ್ನು ಕೊಟ್ಟು, "ಇವತ್ತು ಒರೆಸೋದು ನನ್ನ ಕೆಲಸ. ನೀವು ಚುಕ್ಕಿ ಇಟ್ಟು ಅಳೆದು ಹೊರಗೆ ಬನ್ನಿ," ಎಂದಳು. ಅಂದರೆ ಯಾರ ಚುಕ್ಕಿ ಎಲ್ಲಿ ಬಿದ್ದಿದೆ ಎಂದು ಕಣ್ಣಾರೆ ನೋಡುವವಳು ಅವಳೇ.

ಗೋರನ್‌ಗೆ ಏನೂ ಗೊತ್ತಿರಲಿಲ್ಲ. ಪರದೆಯ ಬಳಿ ಎದುರಾದಾಗ ಪಿಸುಗುಟ್ಟಿದ: "ಇವತ್ತು ಸೀಗಲ್ ಹಕ್ಕಿ ಊಟಕ್ಕೆ ಬರುತ್ತಾ?"

"ನೋಡೋಣ," ಎಂದಳು ಅವನ ಕಣ್ಣು ತಪ್ಪಿಸಿ. ಈ ಸಂಜೆ ಇವನಿಗೆ ಇಲ್ಲಿ ಕೆಲಸವಿರುವುದಿಲ್ಲ ಎಂಬ ಯೋಚನೆ ಬಂತು. ಹಸಿರು ಕಾಲುಚೀಲ, ಬೂದು ಕಾಲುಚೀಲ ಪರದೆಯ ಕೆಳಗೆ ಹಾದುಹೋದವು.

ಎಲ್ಲ ಮುಗಿದ ಮೇಲೆ ಲೊರೇನ್ ಅವಳನ್ನು ಒಬ್ಬಳನ್ನೇ ಒಳಗೆ ಕರೆದು ಬಾಗಿಲು ಮುಚ್ಚಿದಳು.

"ಗೋರನ್ ಒಂದು ಸುಳ್ಳು ಚುಕ್ಕಿಯಲ್ಲೂ ಬೀಳಲಿಲ್ಲ."

ಮಾರ್ನಿಗೆ ತಟ್ಟನೆ ಆದದ್ದು ಸಮಾಧಾನ. ಮೈಯೆಲ್ಲ ಹಗುರಾಯಿತು. ಅದರ ಬೆನ್ನಲ್ಲೇ ಅವಳ ಕೆಟ್ಟ ಬುದ್ಧಿ ತಲೆಯೆತ್ತಿತು. "ಯಾರಾದ್ರೂ ಅವನಿಗೆ ಹೇಳಿರ್ಬೇಕು."

"ಯಾರೂ ಹೇಳಿಲ್ಲ. ಕೂತ್ಕೋ ಮಾರ್ನಿ."

"ಏನಾಯ್ತು?"

"ನೀನು ಬಿದ್ದೆ. ನಾನು ಇಟ್ಟ ಒಂದೊಂದರಲ್ಲೂ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಂಬಲಿಲ್ಲ. "ನಾನು ನೋಡೇ ಇಲ್ಲ ಲೊರೇನ್! ಬೆರಳಿಗೆ ಮೂಳೆ ಸಿಕ್ತು, ಅದಕ್ಕೇ ಇಟ್ಟೆ."

"ನಿನಗೆ ಹಾಗೇ ಅನ್ನಿಸಿರುತ್ತೆ. ನಿನ್ನ ಬೆರಳಿಗಿಂತ ಮೊದಲು ನಿನ್ನ ಕಣ್ಣು ಹೋಗಿ ಕೂತಿರುತ್ತೆ. ಸುಳ್ಳು ಚುಕ್ಕಿ ಇಲ್ಲದ ಕಾಲುಗಳಲ್ಲಿ ನಿಮ್ಮಿಬ್ಬರದೂ ಬೇರೆ ಬೇರೆ ಇದೆ, ಎಲ್ಲರ ಹಾಗೆ. ಇಷ್ಟು ದಿನ ಹೊಂದಿದ್ದಕ್ಕೆ ಕಾರಣ, ಅವನು ಮೊದಲು ಹೋದಾಗೆಲ್ಲ ನೀನು ಅವನ ಚುಕ್ಕಿ ಮೇಲೇ ಚುಕ್ಕಿ ಇಡ್ತಿದ್ದೆ."

ಮಾರ್ನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕಳ್ಳನನ್ನು ಹಿಡಿಯಲು ದೀಪ ಹಿಡಿದು ಓಡಾಡಿದವಳ ಜೇಬಿನಲ್ಲೇ ಮಾಲು ಸಿಕ್ಕಿತ್ತು.

"ನನ್ನ ಕಥೆ ಮುಗೀತಾ?"

"ಕ್ಯಾಲಮ್ ಗೊತ್ತಿದ್ದೂ ಮಾಡಿದ್ದ, ನೀನು ಗೊತ್ತಿಲ್ದೆ ಮಾಡಿದೆ. ಎರಡೂ ಒಂದೇ ಅಲ್ಲ. ಹಳೇದನ್ನೆಲ್ಲ ಎಸೆದು ಮೊದಲಿಂದ ಶುರು ಮಾಡೋಣ. ಎಡವಿದ್ದು ಎಲ್ಲಿ ಅಂತಾನೂ ಬರೆಯೋಣ, ನಾಳೆ ಇನ್ನೊಬ್ಬರಿಗೆ ಅನುಕೂಲ ಆಗುತ್ತೆ." ಲೊರೇನ್ ಕನ್ನಡಕ ಹಾಕಿಕೊಂಡಳು. "ಆದರೆ ಶುರು ಮಾಡೋಕೆ ಅವನೂ ಬೇಕು. ಬಲೆ ಯಾರಿಗೆ ಬೀಸಿದ್ದು ಅಂತ ನಾನು ಅವನಿಗೆ ಹೇಳಲ್ಲ. ಹೇಳೋದೂ ಬಿಡೋದೂ ನಿನಗೆ ಬಿಟ್ಟಿದ್ದು."

ಹೇಳದೆ ಇದ್ದುಬಿಡಬಹುದಿತ್ತು. ಪೆನ್ನಿನ ದೋಷ ಎಂದು ತಿಪ್ಪೆ ಸಾರಿಸಿ, ಮತ್ತೆ ಅದೇ ಗೋಡೆಯ ಮೇಲೆ ಕೂತು ಗೊಜ್ಜು ತಿನ್ನಬಹುದಿತ್ತು. ಆ ಆಸೆ ಅವಳಿಗೆ ಬರಲಿಲ್ಲವೆಂದಲ್ಲ. ಸಮುದ್ರದ ಗೋಡೆಯವರೆಗೂ ಅದು ಅವಳ ಜೊತೆಗೇ ನಡೆದು ಬಂತು.

ಗೋರನ್ ಬ್ರೆಡ್ಡಿನ ಎರಡು ತುಂಡಿಗೆ ಗೊಜ್ಜು ಬಳಿದಿಟ್ಟು ಕಾಯುತ್ತಿದ್ದ. ಅವಳು ಕೂರಲಿಲ್ಲ.

"ಇವತ್ತು ನಡೆದದ್ದು ನಿನಗೆ ಇಟ್ಟ ಪರೀಕ್ಷೆ. ಇಡಿಸಿದ್ದು ನಾನು. ನೀನು ನನ್ನ ಚುಕ್ಕಿ ಕದೀತಿದೀಯ ಅಂತ ಲೊರೇನ್‌ಗೆ ಹೇಳಿದ್ದೆ. ನೀನು ಕದ್ದಿರ್ಲಿಲ್ಲ. ಕದೀತಿದ್ದದ್ದು ನಾನೇ, ನನಗೇ ಗೊತ್ತಿಲ್ದೆ."

ಅವನು ಬ್ರೆಡ್ಡಿನ ತುಂಡುಗಳನ್ನು ಪಕ್ಕಕ್ಕೆ ಸರಿಸಿದ.

"ಯಾವಾಗಿಂದ ಅನುಮಾನ?"

"ಲೊರೇನ್ ಹೊಗಳಿದಾಗಿಂದ."

"ಅಂದ್ರೆ ದಿನಾ ನನ್ನ ಪಕ್ಕ ಕೂತು, ನಮ್ಮಮ್ಮ ಮಾಡಿದ್ದು ತಿಂತಾ..."

"ಹೂಂ."

"ತಿನ್ನುವಾಗ್ಲೂ?"

"ತಿನ್ನುವಾಗಲೇ ಜಾಸ್ತಿ."

ಅವನಿಗೆ ನಗು ಬಂತು, ಬಂದಷ್ಟೇ ಬೇಗ ಆರಿಹೋಯಿತು. ಕಣ್ಣಲ್ಲಿ ನೋವು ಹಾಗೇ ಕೂತಿತ್ತು. "ನಾನು ಪೆನ್ನಿನ ವಿಷಯ ಹೇಳೋಕೆ ಬಂದೆ. ನೀನು ಬಾಯಿ ಮುಚ್ಚಿಸ್ದೆ."

"ಗೊತ್ತು. ಕಣ್ಣು ಯಾಕೆ ಮುಚ್ಕೋತಿದ್ದೆ ಗೋರನ್?"

"ನಿನ್ನ ಚುಕ್ಕಿ ಕಾಣ್ತಿತ್ತಲ್ಲ, ಅದಕ್ಕೇ." ಅವನು ಕಡಲನ್ನು ನೋಡುತ್ತ ಹೇಳಿದ. "ಅದು ಕಂಡ್ರೆ ನನಗೆ ಮೂಳೆ ಕಾಣಲ್ಲ ಮಾರ್ನಿ, ನೀನು ಕಾಣ್ತೀಯ. ಈಗಷ್ಟೇ ಇಲ್ಲಿ ಕೂತಿದ್ಲು, ಇಲ್ಲಿ ಬೆರಳು ಇಟ್ಟಿದ್ಲು ಅಂತ ತಲೆ ತುಂಬ ಅದೇ. ಕಣ್ಣು ಮುಚ್ಕೊಂಡ್ರೆ ಮಾತ್ರ ಕೆಲಸ ಆಗ್ತಿತ್ತು."

ಇಂಥ ಮಾತನ್ನು ಯಾರಾದರೂ ತನಗೆ ಹೇಳಲಿ ಎಂದು ಎಷ್ಟು ವರ್ಷ ಕಾದಿದ್ದಳೋ! ಈಗ ಕೇಳಿಸಿಕೊಳ್ಳುವ ಯೋಗ್ಯತೆ ತನಗಿಲ್ಲ ಎಂದು ಅನ್ನಿಸಿ ಕಣ್ಣು ತುಂಬಿ ಬಂತು.

"ಕ್ಷಮಿಸು," ಎಂದಳು.

"ಇವತ್ತು ಆಗಲ್ಲ," ಎಂದು ಅವನು ಎದ್ದ. ಬ್ರೆಡ್ಡನ್ನು ಅಲ್ಲೇ ಬಿಟ್ಟು, ಎಡಪಾದ ಹೊರಗೆ ತಿರುಗಿಸಿಕೊಂಡು ನಡೆದುಹೋದ. ಅವಳು ಒಂದು ತುಂಡನ್ನು ಅಳುತ್ತ ತಿಂದಳು. ಇನ್ನೊಂದನ್ನು ನಿಜವಾದ ಸೀಗಲ್ ಹಕ್ಕಿಯೇ ಎತ್ತಿಕೊಂಡು ಹೋಯಿತು.

ಮುಂದಿನ ದಿನಗಳಲ್ಲಿ ಗೋರನ್ ರಜೆ ಹಾಕಿದ. ಮಾರ್ನಿ ನೋಲಾಳ ಪಾದ ಹಿಡಿದು, ಕಣ್ಣು ಮುಚ್ಚಿ ಮೂಳೆ ಹುಡುಕುವುದನ್ನು ಹೊಸದಾಗಿ ಕಲಿಯತೊಡಗಿದಳು. ಕಷ್ಟವಾಗಿತ್ತು. ರೆಪ್ಪೆಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು.

"ಬಿಟ್ಟೆ ನೋಡು ಮತ್ತೆ! ಒಂದು ಕಾಲನ್ನ ನಂಬೋಕೆ ಇಷ್ಟು ಒದ್ದಾಡ್ತೀಯಲ್ಲೇ ಪುಟ್ಟಿ," ಎಂದಳು ನೋಲಾ. "ಅವನಿಗೆ ಫೋನ್ ಮಾಡಿದ್ಯಾ?"

"ಮಾಡ್ದೆ. ತಪ್ಪು ನಂದೇ ಅಂತ ಮೆಸೇಜೂ ಕಳಿಸ್ದೆ. ಉತ್ತರ ಇಲ್ಲ. ಬಾ ಅಂತ ಕೇಳೋಕೆ ಬಾಯಿ ಬರ್ಲಿಲ್ಲ."

"ಮತ್ತೆ ಆ ಬೂಟು ಯಾರದ್ದು?"

ಮಾರ್ನಿ ತಿರುಗಿದಳು. ಪರದೆಯ ಕೆಳಗೆ ಎರಡು ಬೂಟುಗಳು ನಿಂತಿದ್ದವು. ಎಡಗಡೆಯದು ಕೊಂಚ ಹೊರಗೆ ತಿರುಗಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದವೋ.

ನೋಲಾ ಚಪ್ಪಲಿ ಮೆಟ್ಟಿ ಎದ್ದಳು. "ನನ್ನ ಕಾಲು ಸವೆದುಹೋಯ್ತಪ್ಪ. ಇನ್ನು ನಿಮ್ಮ ನಿಮ್ಮದೇ ಹಿಡ್ಕೊಳ್ಳಿ," ಎಂದು ಪರದೆ ಸರಿಸಿ, ಗೋರನ್‌ನ ಬೆನ್ನಿಗೊಂದು ಏಟು ಕೊಟ್ಟು ಹೊರಟೇ ಹೋದಳು.

ಅವನು ಒಳಗೆ ಬಂದ. ಕೈಯಲ್ಲಿ ಕೆಂಪು ಗೊಜ್ಜಿನ ಸೀಸೆಯಿತ್ತು. ಅದನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿದ. ಹಸಿರು ಕಾಲುಚೀಲವನ್ನೂ ಬಿಚ್ಚಿದ.

"ಕೋಪ ಇನ್ನೂ ಇದೆ," ಎಂದ. "ಆದರೆ ನೀನು ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅದನ್ನೇ ಯೋಚಿಸ್ತಾ ಇದ್ದೆ. ಹುಡುಕು. ಕಣ್ಣು ಮುಚ್ಚಿ."

ಇಷ್ಟು ದಿನ ಪರದೆಯ ಕೆಳಗೆ ನೋಡಿದ ಪಾದ ಈಗ ಅವಳ ಮಡಿಲಿನಲ್ಲಿತ್ತು. ಅವಳು ಕಣ್ಣು ಮುಚ್ಚಿದಳು. ಹೆಬ್ಬೆರಳು ಮೆಲ್ಲಗೆ ಜರುಗಿತು, ಗಿಣ್ಣಿನ ಕೆಳಗೆ, ಕೊಂಚ ಮುಂದೆ. ಅವನು ಉಸಿರು ಬಿಗಿಹಿಡಿದದ್ದು ಅವಳ ಬೆರಳಿಗೇ ತಿಳಿಯಿತು. ಮೂಳೆ ಸಿಕ್ಕಿತು. ಚುಕ್ಕಿಯಿಟ್ಟಳು.

"ತಪ್ಪು," ಎಂದ ಗೋರನ್. ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ತಾನೂ ಕಣ್ಣು ಮುಚ್ಚಿ, ತನ್ನದೇ ಪಾದವನ್ನು ತಡವಿ ಇನ್ನೊಂದು ಚುಕ್ಕಿಯಿಟ್ಟ. ಎರಡರ ನಡುವೆ ಅಕ್ಕಿಕಾಳಿನಷ್ಟು ಅಂತರವಿತ್ತು.

"ನಿನ್ನದೇ ತಪ್ಪು," ಎಂದಳು ಮಾರ್ನಿ. "ನಾನು ಒಪ್ಪಲ್ಲ."

"ಒಪ್ಪಬೇಡ."

"ಜಗಳ ಆಗುತ್ತೆ."

"ಆಗಲಿ. ಎದುರಿಗೇ ಆಗಲಿ, ಅಷ್ಟು ಸಾಕು."

ಅವಳು ಆ ಎರಡು ಚುಕ್ಕಿಗಳನ್ನೂ ನೋಡಿದಳು. ಕ್ಯಾಲಮ್‌ನ ಅಂಕಿಗಳು ಒಂದು ದಿನವೂ ಅವಳದಕ್ಕಿಂತ ಬೇರೆಯಾಗಿರಲಿಲ್ಲ. ಇಲ್ಲೊಬ್ಬ ಮುಖಕ್ಕೆ ಹೊಡೆದ ಹಾಗೆ ತಪ್ಪು ಎನ್ನುತ್ತಿದ್ದಾನೆ, ಅವಳಿಗೆ ಆನಂದವಾಗುತ್ತಿದೆ. ಹತ್ತಿಗೆ ಸ್ಪಿರಿಟ್ಟು ಅದ್ದಲು ಕೈ ಚಾಚಿದಳು.

"ಒರೆಸಬೇಡ," ಎಂದು ಅವನು ಅವಳ ಕೈ ಹಿಡಿದ. "ಇರಲಿ."

ಅವನ ಮುಖ ಹತ್ತಿರ ಬಂತು. ಹುಬ್ಬಿನ ಮೇಲಿನ ಸಣ್ಣ ಗಾಯದ ಗುರುತು, ಒಂದು ಕಡೆಯಷ್ಟೇ ಗುಳಿಬೀಳುವ ಕೆನ್ನೆ, ಇವಳನ್ನೇ ಕೇಳುತ್ತಿದ್ದ ಆ ಕಣ್ಣು, ಎಲ್ಲವನ್ನೂ ಒಮ್ಮೆ ನೋಡಿಕೊಂಡಳು. ಆಮೇಲೆ ಕಣ್ಣು ಮುಚ್ಚಿದಳು. ಪರದೆಯ ಆಚೆ ನೋಲಾ ಇನ್ನೂ ಹೋಗಿಲ್ಲವೆಂದು, ಅಲ್ಲೇ ನಿಂತು ಕೆಮ್ಮುತ್ತಿದ್ದಾಳೆಂದು ತಿಳಿದರೂ ತೆರೆಯಲಿಲ್ಲ.